ಮಂಡಿ ಸವೆತ, ಮಂಡಿ ಬದಲಿ ಆಪರೇಷನ್: ಗಾಡಿ ಓಡಿಸಲು ಫಿಟ್ ಎಂದು ಯಾವುದನ್ನು ನೋಡಿ ಹೇಳಬೇಕು?

ಹಾಸನ_ಜಿಪಿ
ಜನರಲ್ ಪ್ರಾಕ್ಟೀಸಿನಲ್ಲಿ ಇರುವವರಿಗೆಲ್ಲ ಎದುರಾಗುವ ಪ್ರಶ್ನೆ. ಬಲಮಂಡಿ ಬದಲಾಯಿಸಿ ಐದು ವಾರ. ಗಾಯ ಒಣಗಿದೆ, ಕೋಲಿಲ್ಲದೆ ನಡೆಯುತ್ತಾರೆ, ಮಂಡಿ 105 ಡಿಗ್ರಿ ಮಡಚುತ್ತದೆ. ಮನೆಯಲ್ಲಿರುವುದು ಗೇರ್ ಕಾರು. ಡಿಸ್ಚಾರ್ಜ್ ಕಾರ್ಡಿನಲ್ಲಿ "ಆರು ವಾರ ವಾಹನ ಓಡಿಸಬೇಡಿ" ಅಂತಷ್ಟೇ ಇದೆ. ಆರು ವಾರ ತುಂಬಿದ ಮರುದಿನ ಆ ಕಾಲು ತಾನಾಗಿ ಫಿಟ್ ಆಗಿಬಿಡುತ್ತದೆಯೇ? ಎಡಮಂಡಿಗೂ ಅದೇ ಲೆಕ್ಕವೇ? ಒಂದು ಮಂಚ, ಎರಡು ಕುರ್ಚಿ ಇರುವ ಕ್ಲಿನಿಕ್ಕಿನಲ್ಲಿ ಏನನ್ನು ಪರೀಕ್ಷಿಸಿ ಹೌದು, ಇಲ್ಲ ಅನ್ನಬೇಕು? ಆಪರೇಷನ್ ಆಗದೆ ಮಂಡಿ ಸವೆದೇ ಓಡಿಸುತ್ತಿರುವವರ ಬಗ್ಗೆಯೂ ಬಲ್ಲವರು ಹೇಳಿ.

ಕೀಲುಮೂಳೆ
ಆರು ವಾರ ಅನ್ನುವುದು ಅಂದಾಜು, ಗಡುವಲ್ಲ. ಬಲಮಂಡಿಯ ಆಪರೇಷನ್ ಆದವರಲ್ಲಿ ಬ್ರೇಕ್ ಒತ್ತುವ ವೇಗ ಮೊದಲಿನ ಮಟ್ಟಕ್ಕೆ ಬರಲು ಎಂಟು ವಾರ ಬೇಕು ಎಂದು 1990ರ ದಶಕದ ಅಧ್ಯಯನ ಹೇಳಿತ್ತು. ಈಚಿನ ಅಧ್ಯಯನಗಳಲ್ಲಿ ಹಲವರು ನಾಲ್ಕೇ ವಾರಕ್ಕೆ ಅಲ್ಲಿಗೆ ತಲುಪಿದ್ದಾರೆ. ನೋವು ತಗ್ಗಿಸುವ ಕ್ರಮ ಸುಧಾರಿಸಿದೆ, ಆಪರೇಷನ್ ಆದ ದಿನವೋ ಮಾರನೇ ದಿನವೋ ಎಬ್ಬಿಸಿ ನಡೆಸುತ್ತೇವೆ. ಆದರೆ ಇವೆಲ್ಲ ಸರಾಸರಿಗಳು. ನಿಮ್ಮೆದುರು ಕೂತಿರುವ ವ್ಯಕ್ತಿ ಸರಾಸರಿಯ ಯಾವ ಬದಿಯಲ್ಲಿದ್ದಾರೆ ಎಂಬುದನ್ನು ಕ್ಯಾಲೆಂಡರ್ ಹೇಳುವುದಿಲ್ಲ.

ಅಳೆಯಬೇಕಾದ್ದು ಮೂರು. ಅಪಾಯ ಕಂಡ ಕ್ಷಣದಿಂದ ಪಾದ ಆಕ್ಸಿಲರೇಟರ್ ಬಿಟ್ಟು ಏಳುವವರೆಗಿನ ಸಮಯ ಒಂದು. ಎದ್ದ ಪಾದ ಬ್ರೇಕ್ ಪೆಡಲ್ ಮುಟ್ಟುವವರೆಗಿನ ಸಮಯ ಇನ್ನೊಂದು. ಮುಟ್ಟಿದ ಮೇಲೆ ಎಷ್ಟು ಬಲವಾಗಿ, ಎಷ್ಟು ಹೊತ್ತು ಒತ್ತಬಲ್ಲರು ಅನ್ನುವುದು ಮೂರನೆಯದು. ನೋವಿನ ಮಾತ್ರೆ, ವಯಸ್ಸು, ನಿದ್ದೆಗೇಡು ಮೊದಲನೆಯದನ್ನು ಹಿಗ್ಗಿಸುತ್ತವೆ. ಮಂಡಿ ಕೆಡಿಸುವುದು ಮುಖ್ಯವಾಗಿ ಎರಡನೆಯದನ್ನೂ ಮೂರನೆಯದನ್ನೂ. ಬಲವನ್ನು ಯಾರೂ ನೋಡುವುದಿಲ್ಲ, ಎಲ್ಲರೂ ಮಡಚುವ ಡಿಗ್ರಿಯನ್ನೇ ಕೇಳುತ್ತಾರೆ. ಪೆಡಲ್ ಬಳಸಲು 90 ಡಿಗ್ರಿ ಧಾರಾಳವಾಗಿ ಸಾಕು. ನಿಮ್ಮ ರೋಗಿಯ 105 ಕಾರಿನೊಳಗೆ ಹತ್ತಿ ಕೂರುವುದಕ್ಕೆ ಉಪಯೋಗ, ಬ್ರೇಕಿಗಲ್ಲ. ಆಪರೇಷನ್ ಆದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ತನ್ನ ಶಕ್ತಿಯಲ್ಲಿ ಅರ್ಧದಷ್ಟನ್ನು ಕಳೆದುಕೊಂಡಿರುತ್ತದೆ. ಬ್ರೇಕ್ ಒತ್ತಿ ಹಿಡಿಯುವುದು ಅದೇ ಸ್ನಾಯು.

ಲೆಕ್ಕ ಹಾಕಿ: ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಹೋಗುತ್ತದೆ. ಪಾದ ಕಾಲು ಸೆಕೆಂಡ್ ತಡಮಾಡಿದರೆ ಬ್ರೇಕ್ ಹಿಡಿಯುವ ಮೊದಲೇ ನಾಲ್ಕು ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಅಂದರೆ ಒಂದು ಸಣ್ಣ ಕಾರಿನಷ್ಟು ಉದ್ದ.

ಎಡಮಂಡಿಯ ವಿಷಯದಲ್ಲಿ ಎಚ್ಚರ. "ಎಡಗಾಲಾದರೆ ಒಂದೆರಡು ವಾರ ಸಾಕು" ಎಂಬ ಮಾತು ಅಮೆರಿಕದ ಕಡೆಯಿಂದ ಬಂದದ್ದು. ಅಲ್ಲಿಯ ಕಾರುಗಳು ಬಹುಪಾಲು ಆಟೋಮ್ಯಾಟಿಕ್, ಎಡಗಾಲಿಗೆ ಕೆಲಸವೇ ಇಲ್ಲ. ನಮ್ಮ ಗೇರ್ ಕಾರಿನಲ್ಲಿ ಊರೊಳಗೆ ಬಲಗಾಲಿಗಿಂತ ಎಡಗಾಲಿಗೇ ದುಡಿಮೆ ಹೆಚ್ಚು.

ಹುಬ್ಬಳ್ಳಿ_ಫಿಸಿಯೊ
ಡಾಕ್ಟ್ರು ಹೇಳಿದ್ದು ಖರೆ. ಕ್ಲಿನಿಕ್ಕಿನಾಗ ಮಾಡೂ ಪರೀಕ್ಷೆ ಹೇಳ್ತೀನಿ, ಹದಿನೈದು ನಿಮಿಷದ ಕೆಲಸ.

ಮೊದಲು ಬಾವು ನೋಡ್ರಿ. ಮಂಡಿಯೊಳಗ 20–30 ಮಿ.ಲೀ. ನೀರು ತುಂಬಿದ್ರೂ ತೊಡಿ ಸ್ನಾಯು ಪೂರಾ ಬಿಗಿಯಂಗಿಲ್ಲ, ನರಾನ ಅದನ್ನ ತಡೀತೈತಿ. ಬಾವು ಇದ್ದವರಿಗೆ ಉಳಿದ ಪರೀಕ್ಷೆ ಮಾಡಿ ಉಪಯೋಗಿಲ್ಲ, ಎರಡು ವಾರ ಬಿಟ್ಟು ಬರಾಕ ಹೇಳ್ರಿ.

ಆಮೇಲೆ ಕುರ್ಚಿ ಮ್ಯಾಲ ಕೂಡಿಸಿ ಕಾಲು ನೆಟ್ಟಗ ಚಾಚಾಕ ಹೇಳ್ರಿ. ನೀವು ಕೈಯಾಗ ಎತ್ತಿದ್ರ ಪೂರ್ತಿ ನೆಟ್ಟಗ ಆಗ್ತೈತಿ, ಅವರೇ ಚಾಚಿದ್ರ ಹತ್ತು ಹದಿನೈದು ಡಿಗ್ರಿ ಕಡಿಮಿ ಬೀಳ್ತೈತಿ ಅಂದ್ರ ಕಾಲು ಇನ್ನೂ ತಯಾರಿಲ್ಲ. ಪೆಡಲಿನ ಕಡೀ ಎರಡು ಇಂಚಿನಾಗ ಒತ್ತಡ ಸಿಗಂಗಿಲ್ಲ.

ಮೂರನೇದು ಪಾದ ದಾಟಿಸೂದು. ಕೂತಲ್ಲೇ ಪಾದದ ಬಾಜೂಕ ಐದು ಸೆಂ.ಮೀ. ದಪ್ಪದ ಪುಸ್ತಕ ಇಡ್ರಿ. ಹತ್ತು ಸೆಕೆಂಡಿನಾಗ ಪುಸ್ತಕ ಮುಟ್ಟದಂಗ ಪಾದ ಆ ಕಡೆ ಈ ಕಡೆ ಎಷ್ಟು ಸಲ ದಾಟಸ್ತಾರ ಎಣಸ್ರಿ. ಇನ್ನೊಂದು ಕಾಲಿನಿಂದಾನೂ ಮಾಡಿಸಿ ಹೋಲಸ್ರಿ. ಮೂರು ಸುತ್ತು ಮಾಡಿಸ್ರಿ, ಮೂರನೇ ಸುತ್ತಿನಾಗ ಎಣಿಕೆ ಕುಸಿದ್ರ ಟ್ರಾಫಿಕ್ಕಿನಾಗೂ ಕುಸೀತೈತಿ. ಎಣಿಕೆಗಿಂತ ಕಣ್ಣು ಮುಖ್ಯ: ತೊಡಿ ಕೈಯಿಂದ ಎತ್ತತಾರೇನು, ಮೈ ಹಿಂದಕ್ಕ ವಾಲಸ್ತಾರೇನು, ಹಿಮ್ಮಡಿ ಎಳೀತಾರೇನು?

ಮತ್ತ, ಕೈ ಊರದ ಕುರ್ಚಿಯಿಂದ ಹತ್ತು ಸೆಕೆಂಡಿನಾಗ ಎಷ್ಟು ಸಲ ಎದ್ದು ಕೂಡ್ತಾರ ನೋಡ್ರಿ. ಮೂರು ಮೀಟರ್ ಹೋಗಿ ತಿರುಗಿ ಬರಾಕ, ಆದಷ್ಟು ಬಿರುಸಾಗಿ, ಒಂಬತ್ತು ಸೆಕೆಂಡಿಗಿಂತ ಹೆಚ್ಚು ಬೇಕಾತಂದ್ರ ರಸ್ತೆಗೆ ಬಿಡೂ ಮೊದಲು ಇನ್ನೊಮ್ಮೆ ವಿಚಾರ ಮಾಡ್ರಿ. ಈ ನಡಿಗೆ ಪರೀಕ್ಷೆ ವಯಸ್ಸಾದ ಡ್ರೈವರ್‌ಗಳಿಗಂತ ಅಮೆರಿಕದ ವೈದ್ಯರ ಕೈಪಿಡಿಯೊಳಗ ಐತಿ.

ಬಲಕ್ಕ ಮುಳ್ಳಿನ ತೂಕದ ಯಂತ್ರ ಗ್ವಾಡಿಗೆ ವಾರಿ ನಿಲ್ಲಿಸಿ, ಕುರ್ಚಿ ಮ್ಯಾಲ ಕೂತು ಪಾದದಿಂದ ಐದು ಸೆಕೆಂಡ್ ಒತ್ತಿ ಹಿಡಿಸ್ರಿ. ಕುರ್ಚಿ ಹಿಂದ ಸರೀದಂಗ ಇನ್ನೊಂದು ಗ್ವಾಡಿಗೆ ಹಚ್ಚಿರಬೇಕು. ಕಿಲೋ ಎಷ್ಟು ಬಂತು ಅನ್ನೂದಕ್ಕಿಂತ ಎರಡು ಕಾಲಿನ ನಡುವಿನ ಫರಕ್ ನೋಡ್ರಿ. ಒತ್ತಿದ ಕೂಡಲೇ ಏರಿದ ಮುಳ್ಳು ಎರಡನೇ ಸೆಕೆಂಡಿಗೆ ಜಾರಿದ್ರ ನೋವಿಗೆ ಹೆದರಿ ಬಿಟ್ಟಾರಂತ ಅರ್ಥ.

ಹಾಸನ_ಜಿಪಿ
ಮೇಡಂ, ಎರಡೂ ಮಂಡಿ ಒಟ್ಟಿಗೇ ಬದಲಾಯಿಸಿದವರಲ್ಲಿ ಯಾವ ಕಾಲಿಗೆ ಹೋಲಿಸುವುದು?

ಹುಬ್ಬಳ್ಳಿ_ಫಿಸಿಯೊ
ಅವರಿಗೆ ಕಾಲಿಗೆ ಕಾಲು ಹೋಲಿಸೂದು ಕೈಬಿಡ್ರಿ. ಆಪರೇಷನ್‌ಗಿಂತ ಮೊದಲಿನ ಎಣಿಕೆ ಬರೆದಿಟ್ಟಿದ್ರ ಅದಕ್ಕ ಹೋಲಸ್ರಿ, ಅದಕ್ಕ ಆಪರೇಷನ್ ಹಿಂದಿನ ವಾರಾನ ಪುಸ್ತಕದ ಪರೀಕ್ಷೆ ಒಮ್ಮೆ ಮಾಡಿಸಿ ಇಡೂದು ಛಲೋ. ಆದ್ರ ಮೊದಲಿನಷ್ಟು ಬಂತು ಅಂದ್ರ ಸಾಕು ಅಂತ ತಿಳೀಬ್ಯಾಡ್ರಿ, ಸವೆದ ಮಂಡಿ ಮೊದಲೇ ನಿಧಾನ ಇರತೈತಿ. ಅದನ್ನ ದಾಟಬೇಕು.

ಡ್ಯುಯಲ್_ಪೆಡಲ್
ಡ್ರೈವಿಂಗ್ ಸ್ಕೂಲ್ ಕಡೆಯಿಂದ ಒಂದಿಷ್ಟು. ಕ್ಲಿನಿಕ್ಕಿನಲ್ಲಿ ಪಾಸಾದವರು ಕಾರಿನಲ್ಲಿ ಎಡವುವುದು ಎಲ್ಲಿ ಅಂದರೆ ಸೀಟಿನಲ್ಲಿ. ಮಂಡಿಗೆ ಹಾಯಾಗಲಿ ಅಂತ ಸೀಟನ್ನು ಹಿಂದಕ್ಕೆ ತಳ್ಳಿಕೊಂಡು ಕೂರುತ್ತಾರೆ. ಆಗ ಬ್ರೇಕ್ ಪೂರ್ತಿ ಒತ್ತಿದರೆ ಕಾಲು ಚಾಚಿ ನೆಟ್ಟಗಾಗುತ್ತದೆ, ಬಲ ಸೊಂಟದಿಂದ ಬರಬೇಕಾಗುತ್ತದೆ. ಬ್ರೇಕನ್ನು ತಳಮುಟ್ಟ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು, ಬೆನ್ನು ಸೀಟಿಗೆ ಒರಗಿಯೇ ಇರಬೇಕು. ಹತ್ತುವಾಗ ಮಾತ್ರ ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಮೊದಲು ಪೃಷ್ಠ ಊರಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿ, ನಂತರ ಸೀಟನ್ನು ಮುಂದೆ ತಂದುಕೊಳ್ಳಿ. ಬಟ್ಟೆ ಸೀಟಾದರೆ ಪ್ಲಾಸ್ಟಿಕ್ ಚೀಲವೊಂದನ್ನು ಹಾಸಿದರೆ ತಿರುಗುವುದು ಸಲೀಸು, ಆದರೆ ಓಡಿಸುವ ಮೊದಲು ಅದನ್ನು ಎಳೆದು ತೆಗೆಯಿರಿ. ಬ್ರೇಕ್ ಹೊಡೆದಾಗ ಅದರ ಮೇಲೆ ನೀವೇ ಜಾರುತ್ತೀರಿ.

ನಿಂತ ಕಾರಿನಲ್ಲಿ ಬ್ರೇಕ್ ಅಭ್ಯಾಸ ಮಾಡಿಸುವವರು ಇಂಜಿನ್ ಆಫ್ ಮಾಡಿ ಮಾಡಿಸುತ್ತಾರೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನೊಳಗಿನ ನಿರ್ವಾತ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ರೋಗಿಗೆ ನೋವಾಗುತ್ತದೆ, "ನನ್ನಿಂದ ಆಗಲ್ಲ" ಅನ್ನುತ್ತಾರೆ. ನಿಜವಾದ ಒತ್ತಡ ತಿಳಿಯಬೇಕಾದರೆ ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಮಾಡಿಯೇ ಒತ್ತಿಸಬೇಕು. ಇದಾದ ಮೇಲೆ ಇಂಜಿನ್ ಆಫ್ ಮಾಡಿ ಆ ಗಟ್ಟಿ ಪೆಡಲನ್ನೂ ಒಮ್ಮೆ ಒತ್ತಿಸುತ್ತೇವೆ. ಓಡುತ್ತಿರುವಾಗ ಇಂಜಿನ್ ನಿಂತುಹೋದರೆ ಎಷ್ಟು ಬಲ ಬೇಕಾಗುತ್ತದೆ ಎಂದು ಕಾಲಿಗೆ ಗೊತ್ತಿರಬೇಕು.

ಮುಂದಿನ ಹಂತಕ್ಕೆ ಖಾಲಿ ಮೈದಾನ, ಎರಡು ಕಡೆ ಪೆಡಲ್ ಇರುವ ಕಾರು. ಮೊದಲು 20ರ ವೇಗ, ಆಮೇಲೆ 40. ಪಕ್ಕದಲ್ಲಿ ಕೂತವರು ಮುನ್ಸೂಚನೆ ಕೊಡದೆ "ನಿಲ್ಸಿ" ಅನ್ನಬೇಕು. ಪೂರ್ತಿ ಒತ್ತಿದರೆ ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲ್ ಕಾಲಿಗೆ ತಿರುಗಿ ಕುಟ್ಟುತ್ತದೆ. ಮಂಡಿ ನೋವಿನವರು ಗಾಬರಿಯಾಗಿ ಅಲ್ಲಿಯೇ ಪಾದ ಸಡಿಲ ಬಿಡುತ್ತಾರೆ. ಹಾಗಾಗಿ ಅದನ್ನು ಮೊದಲೇ ಹೇಳಿ, ಬೇಕೆಂದೇ ಅನುಭವಕ್ಕೆ ತರಬೇಕು.

ಇನ್ನೊಂದು ದುರಭ್ಯಾಸ: ತೊಡೆ ಎತ್ತಲು ಕಷ್ಟವಾದವರು ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡೇ ಪಾದದ ತುದಿಯನ್ನು ಆಕ್ಸಿಲರೇಟರಿನಿಂದ ಬ್ರೇಕಿಗೆ ಹೊರಳಿಸುತ್ತಾರೆ. ನಿಧಾನ ಬ್ರೇಕಿಗೆ ನಡೆಯುತ್ತದೆ. ಜೋರು ಬ್ರೇಕಿಗೆ ಬೆರಳ ತುದಿಯ ಬಲ ಸಾಲದು, ಪಾದ ಅರ್ಧ ಪೆಡಲಿನ ಮೇಲಿದ್ದರೆ ಜಾರಿ ಎರಡನ್ನೂ ಒತ್ತುವ ಸಂಭವವೂ ಉಂಟು. ಹವಾಯಿ ಚಪ್ಪಲಿ ಇದ್ದರಂತೂ ಅದು ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ತೆಳು ಅಟ್ಟೆಯ ಶೂ ಹಾಕಿ. ಕಬ್ಬಿಣದ ಪಟ್ಟಿಯ ಮಂಡಿ ಬೆಲ್ಟ್ ಕಟ್ಟಿಕೊಂಡ ಬಲಗಾಲಿನಿಂದ ಓಡಿಸಲು ನಾವು ಬಿಡುವುದಿಲ್ಲ.

ಕ್ಲಚ್ ವಿಷಯಕ್ಕೆ ಬಂದರೆ, ಒಮ್ಮೆ ಒತ್ತುವುದು ಪರೀಕ್ಷೆಯಲ್ಲ. ಹತ್ತು ನಿಮಿಷ ಮೊದಲ ಗೇರಿನಲ್ಲಿ ತೆವಳಿಸಿ ನೋಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯಲ್ಲಿ ಕಾಲಿಗಾಗುವುದು ಅದೇ ತಾನೆ! ಎಡಮಂಡಿಯವರು ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿಕೊಂಡೇ ಕಾಯಬಾರದು, ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆಯಬೇಕು. ಹಳೇ ಕಾರಿನಲ್ಲಿ ಕ್ಲಚ್ ಪ್ಲೇಟ್ ಸವೆದು ಕೇಬಲ್ ಒಣಗಿದ್ದರೆ ಪೆಡಲ್ ಹೊಸದಕ್ಕಿಂತ ಬಹಳ ಗಟ್ಟಿ. ಮಂಡಿಯನ್ನು ದೂರುವ ಮೊದಲು ಕ್ಲಚ್ ತೋರಿಸಿ.

ಕೀಲುಮೂಳೆ
ಡ್ಯುಯಲ್ ಅವರೇ, ಆಟೋಮ್ಯಾಟಿಕ್‌ಗೆ ಬದಲಾಯಿಸಿದವರ ಒಂದು ಅಪಾಯವನ್ನೂ ಸೇರಿಸಿ. ಬಲಮಂಡಿ ನೋಯುತ್ತದೆಂದು ಖಾಲಿ ಇರುವ ಎಡಗಾಲಿನಿಂದ ಬ್ರೇಕ್ ಒತ್ತಲು ಹೊರಡುತ್ತಾರೆ. ಎಡಪಾದಕ್ಕೆ ವರ್ಷಗಟ್ಟಲೆ ರೂಢಿಯಾಗಿರುವುದು ಕ್ಲಚ್ಚನ್ನು ತಳಮುಟ್ಟ ಒತ್ತುವುದು. ಅದೇ ರೂಢಿಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ಗಕ್ಕನೆ ನಿಲ್ಲುತ್ತದೆ, ಹಿಂದಿನವನು ಬಂದು ಗುದ್ದುತ್ತಾನೆ.

ಮಾತ್ರೆಗಳ ಬಗ್ಗೆ: ಪ್ಯಾರಾಸಿಟಮಾಲ್ ತೊಂದರೆಯಿಲ್ಲ. ಟ್ರಮಡಾಲ್, ಟ್ಯಾಪೆಂಟಡಾಲ್, ಬುಪ್ರೆನಾರ್ಫಿನ್ ಪಟ್ಟಿ, ಪ್ರಿಗಬಾಲಿನ್, ಗ್ಯಾಬಪೆಂಟಿನ್ ಇವು ಮಂಪರು ತರಿಸುತ್ತವೆ. "ರಾತ್ರಿ ಮಾತ್ರ ತಗೊಳ್ತೀನಿ" ಅನ್ನುವವರನ್ನು ಬೆಳಗ್ಗೆ ಎಷ್ಟು ಹೊತ್ತಿಗೆ ತಲೆ ತಿಳಿಯಾಗುತ್ತದೆ ಎಂದು ಕೇಳಿ. ಪ್ರಿಗಬಾಲಿನ್ ಬಹಳ ಸಲ ವಿಟಮಿನ್ ಜೊತೆ ಸೇರಿದ ಮಾತ್ರೆಯಾಗಿ ಬರುತ್ತದೆ, ರೋಗಿ ಅದನ್ನು ನರದ ಟಾನಿಕ್ ಅಂದುಕೊಂಡಿರುತ್ತಾರೆ. ಚೀಟಿ ನೋಡಬೇಡಿ, ಮಾತ್ರೆಯ ಹಾಳೆಯನ್ನೇ ತರಿಸಿ ನೋಡಿ. ಮಂಡಿಯೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಜೊತೆ ಮರಗಟ್ಟಿಸುವ ಔಷಧಿ ಹಾಕಿದ್ದರೆ ಆ ದಿನ ಮನೆಗೆ ಬೇರೆಯವರು ಕರೆದೊಯ್ಯಲಿ.

ಫಾರ್ಮ್_ಒಂದುಎ
ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಬರೆದಿಡುತ್ತೇನೆ, ಕೆಲವು ಕಡೆ ತಪ್ಪು ತಿಳಿವಳಿಕೆ ಇದೆ.

ಮಂಡಿ ಬದಲಾಯಿಸಿದ ಮೇಲೆ ಇಷ್ಟು ವಾರ ಓಡಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಇರುವುದು 186ನೇ ಕಲಂ: ತನ್ನ ರೋಗ ಅಥವಾ ಅಂಗದೋಷದಿಂದ ಸಾರ್ವಜನಿಕರಿಗೆ ಅಪಾಯವಾದೀತೆಂದು ತಿಳಿದೂ ಓಡಿಸಿದರೆ ದಂಡ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 1,000 ರೂ., ಆಮೇಲೆ 2,000 ರೂ. ತನಿಖೆ ನಿಲ್ಲುವುದು "ತಿಳಿದೂ" ಎಂಬಲ್ಲಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಓಡಿಸಬೇಡಿ ಎಂದು ಬರೆದಿರುವಾಗ ನನಗೆ ತಿಳಿದಿರಲಿಲ್ಲ ಅನ್ನುವುದು ಕಷ್ಟ. ದಂಡ ಚಿಕ್ಕದು ಅಂತ ಉಡಾಫೆ ಬೇಡ, ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾದರೆ ಮೊಕದ್ದಮೆಯಲ್ಲಿ ಅದೇ ಕಾಗದ ಎದುರು ನಿಲ್ಲುತ್ತದೆ.

ಲೈಸೆನ್ಸ್ ಅರ್ಜಿಯ ಫಾರ್ಮ್ 1 ಸ್ವಯಂಘೋಷಣೆ. ಕೈಕಾಲಿನ ಚಲನೆ, ಹಿಡಿತ, ಸ್ನಾಯುಬಲದಲ್ಲಿ ದೋಷವಿದೆಯೇ ಎಂಬ ಪ್ರಶ್ನೆ ಅದರಲ್ಲೇ ಇದೆ. ಫಾರ್ಮ್ 1ಎ ವೈದ್ಯರ ಪ್ರಮಾಣಪತ್ರ. ಅದರ ಕೊನೆಯಲ್ಲಿ, ದೂರದೃಷ್ಟಿ, ಶ್ರವಣಶಕ್ತಿಯ ಜೊತೆಗೆ ತೋಳು, ಕಾಲು, ಕೈ ಮತ್ತು ಕೀಲುಗಳ ಸ್ಥಿತಿಯನ್ನು ವಿಶೇಷ ಗಮನವಿಟ್ಟು ನೋಡಿದ್ದೇನೆ ಎಂದು ವೈದ್ಯರು ಸಹಿ ಹಾಕುತ್ತಾರೆ. ರೋಗಿಯನ್ನು ಕುರ್ಚಿಯಿಂದ ಎಬ್ಬಿಸದೆ, ಕಣ್ಣಿನ ಚಾರ್ಟ್ ಮಾತ್ರ ತೋರಿಸಿ ಹಾಕುವ ಸಹಿಗೆ ಅರ್ಥವಿಲ್ಲ. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ. ಮಂಡಿ ಆಪರೇಷನ್ ಹೆಚ್ಚಾಗಿ ಆಗುವ ವಯಸ್ಸೂ ಅದೇ ಆದ್ದರಿಂದ ನವೀಕರಣ ಹತ್ತಿರವಿದ್ದರೆ ಮೊದಲು ಕಾಲು ಸರಿಮಾಡಿಕೊಂಡು ಆಮೇಲೆ ಅರ್ಜಿ ಹಾಕುವುದು ಜಾಣತನ.

ಕೈಯಿಂದ ಬ್ರೇಕ್ ಹಿಡಿಯುವ ಸಲಕರಣೆ, ಎಡಗಾಲಿನ ಆಕ್ಸಿಲರೇಟರ್ ಹಾಕಿಸುವುದಾದರೆ ಗ್ಯಾರೇಜಿನವನ ಮಾತು ನಂಬಿ ಕೂರಬೇಡಿ. ಆರ್‌ಸಿಯಲ್ಲಿ ಆ ಮಾರ್ಪಾಡು ದಾಖಲಾಗಬೇಕು, ಲೈಸೆನ್ಸೂ ಅದಕ್ಕೆ ಹೊಂದಬೇಕು.

ಮ್ಯಾಂಚೆಸ್ಟರ್_ಕನ್ನಡತಿ
ಬ್ರಿಟನ್ನಿನಲ್ಲಿರುವವರಿಗೆ: ಆಪರೇಷನ್ ಆದ ಮೂರು ತಿಂಗಳ ನಂತರವೂ ಓಡಿಸಲಾಗದಿದ್ದರೆ ಮಾತ್ರ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿವಿಎಲ್ಎಗೆ ತಿಳಿಸಬೇಕು. ಅದಕ್ಕೆ ಮೊದಲು ಯಾವಾಗ ಓಡಿಸಬಹುದು ಅನ್ನುವುದು ಸರ್ಜನ್ ಮತ್ತು ನಿಮ್ಮ ಹೊಣೆ. ಇಲ್ಲಿಯ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಗಂಟೆಗೆ 30 ಮೈಲಿ ವೇಗಕ್ಕೆ ಯೋಚನೆಯ ದೂರ 9 ಮೀಟರ್, ಬ್ರೇಕಿನ ದೂರ 14 ಮೀಟರ್, ಒಟ್ಟು 23 ಎನ್ನುತ್ತದೆ. ಆ 9 ಮೀಟರಿನ ಹಿಂದಿರುವುದು ಸುಮಾರು 0.67 ಸೆಕೆಂಡ್. ಆರೋಗ್ಯವಂತ, ಎಚ್ಚರವಿರುವ ಚಾಲಕನ ಲೆಕ್ಕ ಅದು. ಇಲ್ಲಿಯೂ ಬಲಬದಿ ಸ್ಟಿಯರಿಂಗ್, ಗೇರ್ ಕಾರೂ ಬಹಳ, ಹಾಗಾಗಿ ಅಮೆರಿಕದ್ದಕ್ಕಿಂತ ಇಲ್ಲಿಯ ಸಲಹೆ ನಮ್ಮೂರಿಗೆ ಹೆಚ್ಚು ಹೊಂದುತ್ತದೆ. ಇನ್ಶೂರೆನ್ಸ್ ಕಂಪನಿಗೂ ಒಂದು ಫೋನ್ ಮಾಡಿ ವಿಚಾರಿಸಿಕೊಳ್ಳಿ.

ಹಾಸನ_ಜಿಪಿ
ಹಾಗಾದರೆ ಚೀಟಿಯಲ್ಲಿ "ಫಿಟ್" ಎಂಬ ಒಂದೇ ಪದ ಬರೆಯುವುದು ಸರಿಯಲ್ಲ. ಯಾವ ಮಂಡಿ, ಆಪರೇಷನ್ ತಾರೀಖು, ಪರೀಕ್ಷೆ ಮಾಡಿದ ತಾರೀಖು, ಯಾವ ಬಗೆಯ ವಾಹನ, ಈಗ ನುಂಗುತ್ತಿರುವ ಮಾತ್ರೆ, ಎಷ್ಟು ಹೊತ್ತಿನ ಓಡಾಟಕ್ಕೆ ಎಂಬುದು ಇರಬೇಕು. ಸರಿ ತಾನೆ? ಸ್ಕೂಟರ್ ಕೇಳುವವರೇ ಜಾಸ್ತಿ. ಗೇರಿಲ್ಲದ ಸ್ಕೂಟರಿನಲ್ಲಿ ಬ್ರೇಕ್ ಎರಡೂ ಕೈಯಲ್ಲೇ ಇದೆಯಲ್ಲ, ಬೇಗ ಬಿಡಬಹುದೇ?

ಕೀಲುಮೂಳೆ
ಚೀಟಿ ಹಾಗೇ ಬರೆಯಿರಿ, "ಬಲಮಂಡಿ, ಆಟೋಮ್ಯಾಟಿಕ್ ಕಾರು ಮಾತ್ರ, ಅರ್ಧ ಗಂಟೆಯೊಳಗೆ" ಎಂಬಂತೆ. ಸ್ಕೂಟರ್ ಮಾತ್ರ ಕಾರಿಗಿಂತ ತಡ, ಬೇಗವಲ್ಲ. ಸುಮಾರು ಮೂರು ತಿಂಗಳು ಅನ್ನುತ್ತೇನೆ. ಬ್ರೇಕ್ ಕೈಯಲ್ಲಿದ್ದರೂ ನಿಂತಾಗ ಗಾಡಿಯನ್ನು ಹೊರುವುದು ಕಾಲೇ. 100 ಕಿಲೋಗೂ ಮಿಕ್ಕಿದ ಗಾಡಿ ಹಂಪಿನ ಬಳಿ ವಾಲಿದರೆ ಒಂಟಿ ಕಾಲಿನಲ್ಲಿ ತಡೆಯಬೇಕು, ಅದೂ ಮಂಡಿ ತಿರುಚಿದ ಭಂಗಿಯಲ್ಲಿ. ಹಾಕಿದ ಲೋಹದ ಕೀಲಿನ ಅಂಚಿನಲ್ಲಿ ತೊಡೆಮೂಳೆ ಮುರಿದರೆ ಅದರ ಆಪರೇಷನ್ ಮೊದಲಿನದಕ್ಕಿಂತ ದೊಡ್ಡದು.

ಡ್ಯುಯಲ್_ಪೆಡಲ್
ಡಾಕ್ಟ್ರೇ, ಮೂರು ತಿಂಗಳು ಎಲ್ಲರಿಗೂ ಒಂದೇ ಅನ್ನುವುದನ್ನು ಒಪ್ಪಲಾರೆ. ಸೀಟಿನ ಎತ್ತರಕ್ಕೂ ಕಾಲಿನ ಉದ್ದಕ್ಕೂ ಸಂಬಂಧವಿದೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುವವರ ಲೆಕ್ಕ ಬೇರೆ, ತುದಿಬೆರಳಲ್ಲಿ ನಿಲ್ಲುವವರ ಲೆಕ್ಕ ಬೇರೆ.

ಕೀಲುಮೂಳೆ
ಒಪ್ಪಿದೆ, ವಾರದ ಲೆಕ್ಕ ಬೇಡವೆಂದು ನಾನೇ ಹೇಳಿ ಇಲ್ಲಿ ತಿಂಗಳು ಹಿಡಿದು ಕೂತಂತಾಯಿತು! ಹಾಗಾದರೆ ಪರೀಕ್ಷೆ ಇದು: ಇಂಜಿನ್ ಆಫ್, ಪಕ್ಕದಲ್ಲಿ ಒಬ್ಬರು ನಿಂತಿರಲಿ, ಗಾಡಿಯನ್ನು ಆಪರೇಷನ್ ಆದ ಕಾಲಿನ ಕಡೆಗೆ ಸ್ವಲ್ಪ ವಾಲಿಸಿ ಮತ್ತೆ ನೆಟ್ಟಗೆ ಮಾಡಲಿ. ಹತ್ತು ಸಲ ನೋವಿಲ್ಲದೆ ಆಗಬೇಕು. ಸೆಂಟರ್ ಸ್ಟ್ಯಾಂಡ್ ಹಾಕುವುದು, ಕಿಕ್ ಹೊಡೆಯುವುದು ಬೇಡ. ಗೇರ್ ಬೈಕಾದರೆ ಬಲಪಾದಕ್ಕೆ ಹಿಂದಿನ ಬ್ರೇಕ್, ಎಡಪಾದಕ್ಕೆ ಗೇರ್, ಕೂತ ಭಂಗಿಯಲ್ಲಿ ಮಂಡಿ ಹೆಚ್ಚು ಮಡಚಿರುತ್ತದೆ. ಅದು ಕೊನೆಗೆ.

ಹುಬ್ಬಳ್ಳಿ_ಫಿಸಿಯೊ
ಆಪರೇಷನ್ ಆಗದ ಸವೆದ ಮಂಡಿ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಲೆಕ್ಕದಾಗ ಅವರೇ ಹೆಚ್ಚು ಅಪಾಯದೊಳಗಿರೋರು, ಯಾಕಂದ್ರ ಅವರಿಗೆ ಯಾರೂ "ಓಡಿಸಬ್ಯಾಡ" ಅಂತ ಬರೆದುಕೊಟ್ಟಿರಂಗಿಲ್ಲ. ವರ್ಷಾನುಗಟ್ಟಲೆ ಸ್ವಲ್ಪ ಸ್ವಲ್ಪ ನಿಧಾನ ಆಗಿರ್ತಾರ, ಗೊತ್ತಾಗಂಗಿಲ್ಲ.

ಮೂರು ಪ್ರಶ್ನೆ ಕೇಳ್ರಿ. ನಡೀವಾಗ ಮಂಡಿ ಒಮ್ಮೆಲೇ ಕುಸೀತೈತೇನು? ನಡುವಿನಾಗ ಸಿಕ್ಕೊಂಡು ಚಾಚಾಕ ಬರದಂಗ ಆಗ್ತೈತೇನು? ಅರ್ಧ ತಾಸು ಕೂತು ಎದ್ದಾಗ ಮೊದಲಿನ ಹೆಜ್ಜಿ ಹಾಕಾಕ ಎಷ್ಟು ಹೊತ್ತು ಬೇಕು? ಸಿಕ್ಕೊಳ್ಳೂದು ಬಲಗಾಲಾದ್ರ, ಒಳಗ ಮೂಳಿ ಚೂರು ಐತೇನು ನೋಡಿ ಚಿಕಿತ್ಸೆ ಆಗೂತನಕ ಓಡಿಸೂದು ನಿಲ್ಲಸ್ರಿ, ಪಾದ ಆಕ್ಸಿಲರೇಟರ್ ಮ್ಯಾಲ ಇದ್ದಾಗ ಸಿಕ್ಕೊಂಡ್ರ ಏನ್ ಮಾಡ್ತಾರ? ಕೂತು ಬಿಗಿಯೋರಿಗೆ ಮಾತ್ರ ಉಪಾಯ ಐತಿ: ಹೆದ್ದಾರಿಯಾಗ 45 ನಿಮಿಷಕ್ಕೊಮ್ಮೆ ಇಳಿದು ಹತ್ತು ಹೆಜ್ಜಿ ನಡೀಬೇಕು, ಹೊರಡೂ ಮೊದಲು ಕೂತಲ್ಲೇ ಇಪ್ಪತ್ತು ಸಲ ಮಂಡಿ ಚಾಚಿ ಮಡಚಬೇಕು. ರುಮಟಾಯ್ಡ್ ಕೀಲುವಾತ ಇದ್ದವರಿಗೆ ಮಂಡಿ ಜೊತಿಗೆ ಕುತ್ತಿಗಿ, ಮಣಿಕಟ್ಟೂ ನೋಡ್ರಿ. ಕುತ್ತಿಗಿ ತಿರುಗದಿದ್ರ ರಿವರ್ಸ್ ಹೆಂಗ್ ತೆಗೀತಾರ?

ಫಾರ್ಮ್_ಒಂದುಎ
ವೃತ್ತಿ ಚಾಲಕರಿಗೆ ಇದೇ ಅಳತೆ ಸಾಲದು. ಆಟೋದಲ್ಲಿ ಕ್ಲಚ್ ಎಡಗೈಯಲ್ಲಿದೆ, ಕಾಲಿನ ಬ್ರೇಕ್ ಬಲಪಾದಕ್ಕೆ. ಹಾಗಾಗಿ ಎಡಮಂಡಿಯವರು ಬೇಗ ಮರಳಬಹುದು, ಬಲಮಂಡಿಯವರಿಗೆ ಅದು ಅನ್ವಯಿಸದು. ಬಸ್ಸು, ಲಾರಿಯಲ್ಲಿ ಪೆಡಲ್ ಒತ್ತುವುದಕ್ಕಿಂತ ಕ್ಯಾಬಿನ್ ಹತ್ತಿಳಿಯುವುದು ಮಂಡಿಗೆ ಭಾರ, ದಿನಕ್ಕೆ ಎಂಟು ಗಂಟೆ ಕೂರುವುದೂ ಉಂಟು. ಅವರ ಪರೀಕ್ಷೆಯನ್ನು ಕ್ಯಾಬಿನ್ ಮೆಟ್ಟಿಲಿನಿಂದಲೇ ಶುರುಮಾಡಬೇಕು.

ಹಾಸನ_ಜಿಪಿ
ಕೊನೆಯದಾಗಿ ಟ್ರ್ಯಾಕ್ಟರ್? ನಮ್ಮ ಕಡೆ ಅದನ್ನು ಕೇಳದೆ ಬಿಡುವುದಿಲ್ಲ.

ಡ್ಯುಯಲ್_ಪೆಡಲ್
ಟ್ರ್ಯಾಕ್ಟರಿನ ಕ್ಲಚ್ ಕಾರಿನದಕ್ಕಿಂತ ಎಷ್ಟೋ ಗಟ್ಟಿ, ಎಡಮಂಡಿಯವರಿಗೆ ಎಲ್ಲಕ್ಕಿಂತ ಕೊನೆಗೆ ಬಿಡಬೇಕಾದ್ದು ಅದನ್ನೇ. ಬಲಗಡೆ ಎರಡು ಬ್ರೇಕ್ ಪೆಡಲ್ ಇರುತ್ತವೆ, ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು. ಹೊಲದಲ್ಲಿ ತಿರುಗಿಸಲು ಬಿಡಿಬಿಡಿಯಾಗಿ ಒತ್ತುತ್ತಾರೆ. ರಸ್ತೆಗೆ ಬರುವಾಗ ಎರಡನ್ನೂ ಜೋಡಿಸುವ ಕೊಂಡಿ ಹಾಕಿರಲೇಬೇಕು. ನೋವಿರುವ ಬಲಗಾಲು ಅರ್ಧ ಜಾರಿ ಒಂದೇ ಪೆಡಲ್ ಒತ್ತಿದರೆ ಟ್ರೈಲರ್ ಸಮೇತ ಗಾಡಿ ಒಂದು ಕಡೆಗೆ ಎಳೆದು ಮಗುಚುತ್ತದೆ. ಇಳಿಯುವಾಗ ಜಿಗಿಯುವುದು ಬೇಡ, ಸ್ಟಿಯರಿಂಗಿಗೆ ಮುಖ ಮಾಡಿ, ಮಡ್‌ಗಾರ್ಡ್ ಹಿಡಿ ಹಿಡಿದು, ಆಪರೇಷನ್ ಆದ ಕಾಲನ್ನು ಮೊದಲು ಕೆಳಗಿಟ್ಟು ಹಿಮ್ಮುಖವಾಗಿ ಇಳಿಯಬೇಕು. ಹತ್ತುವಾಗ ಒಳ್ಳೆಯ ಕಾಲು ಮೊದಲು.